ಗೌರಿ ಹಬ್ಬಕ್ಕೆ ಯಾವ ಬಾಗಿಲು

ಮನೆಗಳ ನಕ್ಷೆ ಬರೆದುಕೊಡುವುದು ನನ್ನ ಕಸುಬು. ಮೈಸೂರಿನ ಬೋಗಾದಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಒಂದು ಬೆಳಿಗ್ಗೆ ಎದುರುಮನೆಯಾಕೆ ನೇರ ಒಳಗೆ ನುಗ್ಗಿ, "ನಮ್ಮಣ್ಣದೀರು ಮನೆ ಕಟ್ಟಿಸ್ತಾವ್ರೆ ಕಣಕ್ಕ. ಪ್ಲಾನು ನೀವೇ ಮಾಡ್ಕೊಡ್ಬೇಕು, ಬೇರೆಯವ್ರಾದ್ರೆ ನಾನು ಬುಡಕ್ಕಿಲ್ಲ" ಎಂದು ಹುಕುಂ ಹೊರಡಿಸಿದಳು. ಅವಳ ಪ್ರೀತಿಯೇ ಹಾಗೆ, ಗದರಿಸಿಕೊಂಡೇ ಬರುತ್ತದೆ. ನಾನು ಆಗಲ್ಲ ಎನ್ನುವ ಮಾತೇ ಇರಲಿಲ್ಲ.

ಅವಳ ತವರು ಗುಡ್ಡದ ಇಳಿಜಾರಿನಲ್ಲಿರುವ ಊರು. ಅಲ್ಲಿ ಬೆಳೆಯುವ ದ್ರಾಕ್ಷಿ ವೈನಿಗೆ ಹೋಗುತ್ತದೆ. ಜಾಗ ನೋಡಲು ಹೋದಾಗ, ವೈನು ಹೇಗಿರುತ್ತೆ ಎಂದು ಅವಳ ದೊಡ್ಡಣ್ಣನನ್ನು ಕೇಳಿದೆ. "ಅಯ್ಯೋ, ನಾವೆಲ್ಲಿ ಕಂಡಿದೀವಿ ಮೇಡಂ? ನಮಗೆ ಕಾಫಿ ಇದ್ರೆ ಆಯ್ತು" ಎಂದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಮೂವರು ಅಣ್ಣಂದಿರು ಬೇರೆಯಾಗಲು ತೀರ್ಮಾನಿಸಿದ್ದರು. ಜಗಳವೇನೂ ಇಲ್ಲ. ಮಕ್ಕಳು ಬೆಳೆದಿದ್ದರು, ಹಳೆಯ ಮನೆ ಸಾಲುತ್ತಿರಲಿಲ್ಲ. ತೋಟದ ಜಾಗ ಕಳೆದುಕೊಳ್ಳಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಹಳೆಯ ಮನೆ ಕೆಡವಿದ ಜಾಗದಲ್ಲೇ ಒಂದರ ಮೇಲೊಂದು ಮೂರು ಮನೆಗಳ ಪುಟ್ಟ ಅಪಾರ್ಟ್‌ಮೆಂಟು.

ಷರತ್ತು ಒಂದೇ: ಮೂರೂ ಮನೆ ಸಮ ಇರಬೇಕು, ಒಬ್ಬರಿಗೂ ಒಂದಿಂಚು ಹೆಚ್ಚಾಗಬಾರದು. ಇಳಿಜಾರಿನಲ್ಲಿ ಇದನ್ನು ಸಾಧಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ರಸ್ತೆಯಿಂದ ಬಂದರೆ ಸಿಗುವುದು ನಡುವಿನ ಮನೆ, ಅದು ದೊಡ್ಡಣ್ಣನದು. ಅದರ ಕೆಳಗೊಂದು, ಮೇಲೊಂದು. ಪಕ್ಕದ ಮೆಟ್ಟಿಲಿಂದ ಮೂರಕ್ಕೂ ಬೇರೆಬೇರೆ ಬಾಗಿಲು. ಮುಗಿಸಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಕ್ಷೆ ನೋಡಲು ಅಣ್ಣಂದಿರು ಬೋಗಾದಿಗೆ ಬಂದರು. ದೊಡ್ಡತ್ತಿಗೆಯೂ ಜೊತೆಗಿದ್ದರು. ನನ್ನದೇ ಸ್ಕೇಲು ತೆಗೆದುಕೊಂಡು ಮೂವರೂ ಸರದಿಯಂತೆ ಅಳೆಯತೊಡಗಿದಾಗ ನನಗೆ ರೇಗಿತು. "ನಾನೇನು ಬಟ್ಟೆ ಅಂಗಡಿಯವಳಾ, ಅಳತೇಲಿ ಮೋಸ ಮಾಡೋಕೆ?" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ಅವರ ತಂಗಿ ಎದುರುಮನೆಯಿಂದ ಕಾಫಿ ತಂದಳು, ಲೋಟಗಳನ್ನು ಕೊಟ್ಟು ನಕ್ಷೆಯ ಮೇಲೆ ಬಗ್ಗಿದಳು.

"ಎಲ್ಲಾ ಚೆನ್ನಾಗದೆ. ಅಲ್ಲಾ, ಗೌರಿ ಹಬ್ಬಕ್ಕೆ ನಾನು ಬಂದ್ರೆ ಯಾವ ಬಾಗ್ಲಿಗೆ ಬರ್ಲಿ?"

"ಮೂರೂ ನಿಂದೇ ಕಣವ್ವ!" ಎಂದರು ದೊಡ್ಡಣ್ಣ.

"ಮೂರೂ ನಂದು ಅಂದ್ರೆ, ಮೂರು ಕಡೆಗೂ ನಾನು ನೆಂಟಳೇ ತಾನೆ ಅಣ್ಣಾ?"

ನಾನು ನಕ್ಷೆಯನ್ನು ಮತ್ತೆ ನನ್ನ ಕಡೆ ತಿರುಗಿಸಿಕೊಂಡೆ. ಅಷ್ಟು ಕಷ್ಟಪಟ್ಟು ಎಲ್ಲರಿಗೂ ಸಮ ಹಂಚಿದ್ದೆವು, ಅವಳಿಗೆ ಕಾಲಿಡಲು ಜಾಗ ಉಳಿಸಿರಲಿಲ್ಲ. ರಸ್ತೆಯ ಮಟ್ಟದಲ್ಲಿ ಎಲ್ಲರಿಗೂ ಸೇರಿದ ಒಂದು ಕೋಣೆ ಮಾಡಬಹುದು, ಮೆಟ್ಟಿಲೂ ಅಲ್ಲಿಂದಲೇ ಹೋಗಲಿ ಎಂದೆ.

"ಅದು ಯಾರ ಪಾಲಿಗೆ ಮೇಡಂ?" ಎರಡನೇ ಅಣ್ಣ ಕೇಳಿದರು.

"ಯಾರ ಪಾಲಿಗೂ ಇಲ್ಲ."

"ಯಾರದ್ದೂ ಅಲ್ದಿದ್ರೆ ಕಸ ಗುಡಿಸೋರು ಯಾರು?" ಇದು ಚಿಕ್ಕಣ್ಣ. ಅಲ್ಲದೆ ಆ ಕೋಣೆಯನ್ನು ದೊಡ್ಡಣ್ಣನ ಮನೆಯಿಂದಲೇ ಕತ್ತರಿಸಬೇಕು, ಸಮಪಾಲು ಕೆಡುತ್ತದೆ. ದೊಡ್ಡಣ್ಣ ಮತ್ತೆ ಸ್ಕೇಲು ತೆಗೆದು ತಮ್ಮ ಮನೆಯ ಹಾಲ್ ಅಳೆಯತೊಡಗಿದರು.

"ಬುಡಿ ಅತ್ತಾಗೆ, ಸುಮ್ಕೆ ತಮಾಷೆಗಂದೆ" ಎಂದು ತಂಗಿ ಅರ್ಧ ಕುಡಿದ ಲೋಟಗಳನ್ನೂ ಎತ್ತಿಕೊಳ್ಳತೊಡಗಿದಳು. ಮಾತಿನ ಮಲ್ಲಿ ಅಷ್ಟು ಬೇಗ ಸುಮ್ಮನಾದದ್ದು ನೋಡಿ ನನಗೆ ಅಳು ಬಂತು.

ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ದೊಡ್ಡತ್ತಿಗೆ ಆಗ ಬಾಯಿ ತೆರೆದರು. "ನನ್ ತವರೂ ಹಿಂಗೇ ಪಾಲಾಯ್ತು ಮೇಡಂ. ಅಣ್ಣನೂ ಕರೀತಾನೆ, ತಮ್ಮನೂ ಕರೀತಾನೆ. ಒಬ್ಬರ ಮನೇಲಿ ಉಳ್ಕೊಂಡ್ರೆ ಇನ್ನೊಬ್ರಿಗೆ ಬೇಜಾರು. ಅದ್ಕೇ ನಾನು ಹೋಗೋದೇ ಬುಟ್ಬುಟ್ಟೆ."

ದೊಡ್ಡಣ್ಣ ಬೆಚ್ಚಿ ಹೆಂಡತಿಯ ಕಡೆ ತಿರುಗಿದರು. "ಹೌದೇನೇ? ನಂಗೆ ಒಂದಿನಾನೂ ಹೇಳ್ನಿಲ್ವಲ್ಲ."

"ನೀವು ಕೇಳ್ನಿಲ್ವಲ್ಲ" ಎಂದವರೇ ನನ್ನ ಕಡೆ ನೋಡಿದರು. "ನಮ್ಮನೆ ಹಾಲ್ ಕತ್ತರಿಸಿ ಮೇಡಂ. ಕಸ ನಾನೇ ಗುಡಿಸ್ತೀನಿ."

ಎಂಥ ಹೆಂಗಸು! ಎದ್ದು ಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು, ಸಂಕೋಚದಿಂದ ಪೆನ್ಸಿಲ್ ಕೈಗೆತ್ತಿಕೊಂಡೆ. ಅಣ್ಣಂದಿರು ಮತ್ತೆ ತಕರಾರು ತೆಗೆಯಲಿಲ್ಲ.

ಆ ಕೋಣೆಯ ಬಗ್ಗೆ ವಹಿಸಿದಷ್ಟು ಮುತುವರ್ಜಿಯನ್ನು ನಾನು ದೊಡ್ಡ ದೊಡ್ಡ ಬಂಗಲೆಗಳ ಬಗ್ಗೆಯೂ ವಹಿಸಿಲ್ಲ. ಕೆಂಪು ನೆಲ, ಮೂಲೆಯಲ್ಲಿ ಒಂದು ಒಲೆ, ದ್ರಾಕ್ಷಿ ಸಾಲುಗಳು ಕಾಣುವ ಹಾಗೆ ಅಗಲವಾದ ಕಿಟಕಿಕಟ್ಟೆ. ಮೆಟ್ಟಿಲು ಅಲ್ಲಿಂದಲೇ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಮನೆಗೆ ಬರುವವರು, ಹೊರಗೆ ಹೋಗುವವರು ಎಲ್ಲರೂ ಅದನ್ನು ದಾಟಲೇಬೇಕು. ಕಸದ ಮಾತೆತ್ತಿದ ಚಿಕ್ಕಣ್ಣನೇ ಮೈಸೂರಿಗೆ ಬಂದು ಅದಕ್ಕೆ ಬಾಗಿಲು ಆರಿಸಿಕೊಂಡು ಹೋದರು.

ಮನೆ ಮುಗಿದ ವರ್ಷದ ಗೌರಿ ಹಬ್ಬಕ್ಕೆ ತಂಗಿ ಬೆಳಿಗ್ಗೆಯ ಬಸ್ಸಿಗೇ ಹೊರಟಳು. ನನಗೋ ಪರೀಕ್ಷೆ ಬರೆದವಳ ತಳಮಳ. ಕೋಣೆಗೆ ಬೀಗ ಹಾಕಿದ್ದರೆ? ದ್ರಾಕ್ಷಿ ಕ್ರೇಟು ತುಂಬಿಟ್ಟಿದ್ದರೆ? ಯಾರೋ ಒಬ್ಬರು ಕೈಹಿಡಿದು ತಮ್ಮ ಮನೆಗೆ ಎಳೆದುಕೊಂಡು ಹೋಗಿದ್ದರೆ? ಮಧ್ಯಾಹ್ನ ಕಳೆದ ಮೇಲೆ ಅವಳ ಫೋನು ಬಂತು.

"ಎಂಗದೆ?" ನಾನೂ ಅವಳ ಭಾಷೆಯಲ್ಲೇ ಕೇಳಿಬಿಟ್ಟೆ.

"ಏನಂತ ಹೇಳ್ಲಿ ಕಣಕ್ಕ. ಬಂದೆ, ಚಪ್ಲಿ ಬುಟ್ಟೆ, ಕಿಟಕಿ ಕಟ್ಟೆ ಮೇಲೆ ಮಲೀಕಂಡ್ಬುಟ್ಟೆ. ಎದ್ದು ನೋಡ್ತೀನಿ, ಮೂರು ಮನೆಯವ್ರೂ ಇಲ್ಲೇ ಅವ್ರೆ. ಒಬ್ರೂ 'ಬಾ, ಕೂತ್ಕೋ' ಅನ್ನಲಿಲ್ಲ. 'ಎಷ್ಟೊತ್ತೇ ಮಲಗೋದು? ಎದ್ದು ಒಬ್ಬಟ್ಟು ತಟ್ಟು' ಅಂತ ಬೈದ್ರು ಕಣಕ್ಕ ನಮ್ಮ ದೊಡ್ಡತ್ತಿಗೆ!"