ಏಳುಮಲೈ ಮೇಷ್ಟ್ರು ಮತ್ತು ಎರಡನೆಯ ಹೆಸರು

ಬೆಂಚಿನ ಕೆಳಗೆ ಬಿದ್ದ ಪೆನ್ನು ಸಿಕ್ಕಿದ ಮೇಲೂ ಏಳುಮಲೈ ಮೇಷ್ಟ್ರು ಬಗ್ಗಿ ಹುಡುಕುತ್ತಲೇ ಇರುತ್ತಿದ್ದರು. ಇನ್ನೊಂದೂ ಬಿದ್ದಿರಬಹುದು ಎಂಬುದು ಅವರ ವಾದ. ಒಮ್ಮೆ ನಿಜಕ್ಕೂ ಸಿಕ್ಕಿತು. ಆಮೇಲೆ ಅವರನ್ನು ತಡೆಯುವುದು ಯಾರ ಕೈಯಲ್ಲೂ ಆಗಲಿಲ್ಲ.

ಅವರ ಮನೆ ಚಿನ್ನದ ಗಣಿಯ ಮೈಸೂರು ಮೈನ್ಸ್ ಕಾಲೊನಿಯಲ್ಲಿ. ದಿನಾ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಬಂದು ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ನಾನು ಬೂದಿಕೋಟೆ ಹತ್ತಿರದ ನಮ್ಮೂರ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವಳು. ರೈತರ ಹೆಸರು, ಎದುರಿಗೆ ಅವರ ಹಸುವಿನ ಕಿವಿಗೆ ಹಾಕಿದ ನಂಬರು, ಇಷ್ಟನ್ನು ಕಂಪ್ಯೂಟರಿಗೆ ಸೇರಿಸಲು ಅವರ ಹತ್ತಿರ ಕಲಿಯುತ್ತಿದ್ದೆ.

“ಪಾರಮ್ಮಾ, ಡಿಕ್ಷನರಿ ಅಂದ್ರೆ ಹೆಸ್ರಿಗೆ ನಂಬರು ಜೋಡಿಸಿಟ್ಟ ಪಟ್ಟಿ. ಅದ್ಕೆ ಹೆಸ್ರು ಕೊಟ್ರೆ ನಂಬರು ತಟ್ಟಂತ ಬತ್ತದೆ. ನಂಬರು ಕೊಟ್ಟು ಹೆಸ್ರು ಕೇಳುದ್ರೆ ಅದ್ಕೆ ತಿಳಿಯಲ್ಲ, ಒಬ್ಬೊಬ್ರನ್ನೂ ಕೇಳ್ಕೊಂಡು ಓಗ್ಬೇಕು. ಒಬ್ಬ ಸಿಕ್ದ ಅಂತ ನಿಲ್ಬೇಡ. ಅದೇ ನಂಬರು ಇನ್ನೊಬ್ರತ್ರಾನೂ ಇರ್ತದೆ.”

ಮೇಷ್ಟ್ರು ಹೇಳಿದ್ದಕ್ಕೆ ತಲೆಯಾಡಿಸಿದೆ. ಮನೆಗೆ ಬಂದು, ಮೊದಲ ಹೆಸರು ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲುವಂತೆ ಪ್ರೋಗ್ರಾಂ ಬರೆದೆ. ಎರಡು ಸಾಲು ಬರೆಯುವ ಶ್ರಮ ಉಳಿಯಿತು.

ಒಂದು ದಿನ ಹಗ್ಗ ಕಿತ್ತುಕೊಂಡ ಗಬ್ಬದ ಹಸುವೊಂದು ಡೈರಿಯ ಮುಂದೆ ಬಂದು ನಿಂತಿತು. ಕಿವಿಯ ನಂಬರು ಒತ್ತಿದೆ. ಮುನಿಯಪ್ಪ ಎಂದು ಬಂತು. ಮುನಿಯಪ್ಪ ಬಂದು ಹೊಡೆದುಕೊಂಡು ಹೋದ. ಹಸುವೂ ಅವನ ಹಿಂದೆ ತೆಪ್ಪಗೆ ನಡೆಯಿತು. ಅದನ್ನು ಅವನು ಹಿಂದಿನ ತಿಂಗಳೇ ಗಂಗಮ್ಮನಿಗೆ ಮಾರಿದ್ದ. ಅವಳ ಹೆಸರನ್ನು ಸೇರಿಸಿದವಳು ನಾನೇ, ಅವನ ಹೆಸರನ್ನು ತೆಗೆಯದವಳೂ ನಾನೇ.

ಇದ್ದದ್ದೊಂದೇ ಹಸುವಿಗಾಗಿ ಗಂಗಮ್ಮ ಎರಡು ದಿನ ಊಟ ಬಿಟ್ಟು ಹೊಲಹೊಲ ಅಲೆದಳು. ವಿಷಯ ತಿಳಿದು ನಾನು ಗಾಬರಿಯಿಂದ ಫೋನ್ ಮಾಡಿದೆ. ಮೇಷ್ಟ್ರು ಪಾಠ ಬಿಟ್ಟು ಬಸ್ಸು ಹತ್ತಿ ಬಂದರು, ಪಟ್ಟಿಯನ್ನು ಕೊನೆಯವರೆಗೂ ಓಡಿಸಿದರು. ಎರಡು ಹೆಸರು ಬಂದವು.

“ಮಾರಿದ್ದು ನಾನೇ. ಆದ್ರೆ ಕಂಪ್ಯೂಟ್ರೇ ನಂದು ಅಂದ್ಮೇಲೆ ನಾನ್ಯಾಕೆ ಇಲ್ಲ ಅನ್ಲಿ?” ಎನ್ನುತ್ತಾ ಮುನಿಯಪ್ಪ ಹಸುವನ್ನು ತಂದು ಕಟ್ಟಿದ.

ಗಂಗಮ್ಮ ಕೇಳಿದಳು: “ನನ್ ಎಸ್ರು ಒಳಗೇ ಇತ್ತಲ್ಲ, ನಿಮ್ ಮಿಸನ್ನು ಯಾಕೆ ಯೇಳ್ಲಿಲ್ಲ?”

“ನಿನ್ ತನಕ ಬರೋಕ್ ಮುಂಚೆ ನಿಂತೋಯ್ತು ತಾಯಿ,” ಎಂದರು ಮೇಷ್ಟ್ರು. ನಿಲ್ಲಿಸಿದವರು ಯಾರೆಂದು ಹೇಳಲಿಲ್ಲ.

ಅವರು ನಮ್ಮೂರಿಗೆ ಬಂದದ್ದು ಅದೇ ಕೊನೆ. ಮುಂದಿನ ತಿಂಗಳು ಎದೆನೋವಿನಿಂದ ತೀರಿಕೊಂಡರು. ಮಣ್ಣು ಹಾಕಿ ಬಂದವಳೇ ಗಂಗಮ್ಮನ ಮನೆಗೆ ಹೋಗಿ, ತಪ್ಪು ನನ್ನದು ಎಂದು ಅತ್ತೆ.

ಗಂಗಮ್ಮ ಕರುವಿನ ಮೈ ಒರೆಸುತ್ತಿದ್ದಳು.

“ಅವತ್ತೇ ತಿಳೀತು ಕಣಮ್ಮಾ. ಆವಯ್ಯ ನಿನ್ ಮಕ ಒಂದ್ಸಲಾನೂ ನೋಡ್ಲಿಲ್ವಲ್ಲ.”