ಯಾರನ್ನ ಹೇಳಲಿ?

ದೆವ್ವ, ಭಾನಾಮತಿ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲನೆಯವ ನಾನು. ಹೈದರಾಬಾದಿಗೆ ಹೋಗಿ, ಉರ್ದುವಿನಲ್ಲಿ ತರ್ಕಶಾಸ್ತ್ರ ಓದಿ, ಬಿ.ಎ. ಮಾಡಿಕೊಂಡು ಬಂದ ಮೊದಲನೆಯವನೂ ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅಷ್ಟು ಕಷ್ಟಪಟ್ಟಿದ್ದೇನೆ. ಯಾರಾದರೂ ನನ್ನ ಮುಂದೆ ಇಂಥಿಂಥವರ ಬಾಯಲ್ಲಿ ದೇವರು ನುಡಿಯಿತು ಅಂದರೆ, "ಹೊಟ್ಟಿ ಕೆಟ್ಟಿರಬೇಕು ನೋಡ್ರಿ" ಎಂದು ನಗುತ್ತಿದ್ದೆ. ಈಗಲೂ ನಂಬುವುದಿಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನೀವೇ ತೂಗಿ ನೋಡಿ.

ನಾನು ಕುಷ್ಟಗಿಯಲ್ಲಿ ಓದುತ್ತಿದ್ದ ಕಾಲ, ನಿಜಾಮನ ಆಳಿಕೆ. ಸಾಲಿಯೊಳಗೆ ಉರ್ದು. ಕನ್ನಡ ಓದಬೇಕೆಂದರೆ ನಮ್ಮ ಮಾಸ್ತರರ ಮನೆಯ ಪಡಸಾಲೆಗೇ ಹೋಗಬೇಕು. ಇಳಕಲ್ಲು ಆಗ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿಂದ ಸೀರೆ ಗಂಟುಗಳ ನಡುವೆ ಅವರಿಗೆ ಕನ್ನಡ ಪತ್ರಿಕೆಗಳು ಬರುತ್ತಿದ್ದವು. ಬಾಗಿಲು ಮುಚ್ಚಿಕೊಂಡು ನಾವು ಆರೇಳು ಹುಡುಗರು ಓದುತ್ತಿದ್ದೆವು, ಹುಡುಗಾಟದ ರಾಜಕಾರಣ ಮಾತಾಡುತ್ತಿದ್ದೆವು. ಒಂದು ದಿನ ಪೊಲೀಸು ಅಮೀನರು ಮಾಸ್ತರರನ್ನು ಠಾಣೆಗೆ ಕರೆಸಿ, ಹಿಂದಿನ ದಿನ ಪಡಸಾಲೆಯಲ್ಲಿ ಆಡಿದ ಮಾತನ್ನು ಇದ್ದದ್ದು ಇದ್ದಂತೆ ಒಪ್ಪಿಸಿದರಂತೆ. ಇನ್ನೊಮ್ಮೆ ಹೀಗಾದರೆ ನೌಕರಿ ಕಳೆದು ತಾಲೂಕು ಬಿಡಿಸುತ್ತೇನೆ ಎಂದರಂತೆ. ಮಾಸ್ತರರು ಹೋದರೆ ನನ್ನ ಓದೂ ಹೋದಂತೆ. ಮತ್ತೆ ಅಪ್ಪನ ಹಿಂದೆ ಹೊಲದಲ್ಲಿ ಕುಂಟಿ ಹೊಡೆಯುವುದೇ ಗತಿ. ಚಾಡಿ ಹೇಳಿದವನು ನಮ್ಮೊಳಗೇ ಇದ್ದ, ಅದಂತೂ ಖರೆ. ಅಂದಿನಿಂದ ನಾವು ಒಬ್ಬರ ಬೆನ್ನನ್ನು ಒಬ್ಬರು ಕಾಯತೊಡಗಿದೆವು. ಯಾರು ಠಾಣೆಯ ಓಣಿಯಲ್ಲಿ ಬಂದ, ಯಾರ ಅಂಗಿ ಹೊಸದು, ಯಾರು ಮೊದಲಿನಂತೆ ನಗುತ್ತಿಲ್ಲ, ಇದೇ ಲೆಕ್ಕ.

ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ನಾವು ಹುಡುಗರು ಒಂದು ದೊಡ್ಡಾಟ ಆಡುತ್ತಿದ್ದೆವು. ಆ ವರ್ಷ ಹೋಳಿ ಕಳೆದಿತ್ತು, ಯುಗಾದಿ ಇನ್ನೂ ಬಂದಿರಲಿಲ್ಲ. ಆಟದ ಮಾತನ್ನೆಲ್ಲ ಉರ್ದುವಿಗೆ ಮಾಡಿ ಮೊದಲೇ ತೋರಿಸಬೇಕು, ಹೊತ್ತು ಮುಳುಗುವುದರೊಳಗೆ ಮುಗಿಸಬೇಕು ಎಂದು ಅಮೀನರ ಅಪ್ಪಣೆ. ಬೆಳಗಿನತನಕ ಆಡುವ ಆಟವನ್ನು ಬಿಸಿಲಲ್ಲಿ ಆಡುವುದೆಂದರೆ ಮದ್ದಲೆ ಬಾರಿಸುವ ಫಕೀರಪ್ಪಜ್ಜನಿಗೆ ಹೇಸಿಗೆ. ಬಣ್ಣ ಹಚ್ಚಿಕೊಂಡು ನಿಂತ ನನ್ನನ್ನು ನೋಡಿ, "ರಾಜಾ ಅಲ್ಲೋ ತಮ್ಮಾ, ಸುಣ್ಣಾ ಹೊಡದ ಗ್ವಾಡಿ ಕಂಡಂಗ ಕಾಣ್ತಿ" ಅಂದ.

ಆಟ ಮಾಸ್ತರರೇ ಕಟ್ಟಿದ್ದು. ನಾನು ಸೆರೆಸಿಕ್ಕ ರಾಜಕುಮಾರ. ನೀನು ಅಡಗಿದ್ದ ಜಾಗವನ್ನು ನಮಗೆ ತಿಳಿಸಿದವರಾರು ಬಲ್ಲೆಯಾ ಎಂದು ವೈರಿ ರಾಜ ಹಂಗಿಸಿ ಕೇಳುತ್ತಾನೆ. "ಯಾರನ್ನ ಹೇಳಲಿ? ನನ್ನ ನೆರಳೇ ನನಗೆ ವೈರಿ" ಎಂದು ನನ್ನ ಮಾತು. ನನ್ನ ಹಿಂದೆ ಹಿಮ್ಮೇಳದಲ್ಲಿ ತಾಳ ಹಿಡಿದು ಕೂತವನು ಈರಣ್ಣ, ಬಾವಿಮನಿ ಈರಣ್ಣ. ಪಡಸಾಲೆಯ ಆರೇಳು ಹುಡುಗರಲ್ಲಿ ಅವನೂ ಒಬ್ಬ, ಓದಿನಲ್ಲಿ ನನಗೆ ಸರಿಜೋಡಿ. ಮಾಸ್ತರರ ಬಂಧುಗಳೊಬ್ಬರು ಹೈದರಾಬಾದಿನಲ್ಲಿ ಒಬ್ಬ ಹುಡುಗನಿಗೆ ಊಟ, ವಸತಿ ಕೊಡಲು ಒಪ್ಪಿದ್ದರು. ಒಬ್ಬನಿಗೆ ಮಾತ್ರ. ನಾನೋ ಅವನೋ ಎಂದು ಮಾಸ್ತರರು ಇನ್ನೂ ಹೇಳಿರಲಿಲ್ಲ.

ಇಳಿಬಿಸಿಲು ನನ್ನ ಮುಖಕ್ಕೇ ಹೊಡೆಯುತ್ತಿತ್ತು. ವೈರಿ ರಾಜ ಕೇಳಿದ. ನಾನು "ಯಾರನ್ನ ಹೇಳಲಿ?" ಅಂದೆ. ಅಂದಾಗ ತುಟಿಯ ಮೇಲಿನ ಬಣ್ಣ ಬಾಯೊಳಗೆ ಹೋಗಿ ಕಹಿಯಾದದ್ದೂ ನೆನಪಿದೆ. ಆಮೇಲೆ ತಾಳ ನಿಂತಿತು. ಮದ್ದಲೆಯೂ ನಿಂತಿತು. ಕೂತ ಮಂದಿಯೆಲ್ಲ ನನ್ನನ್ನು ಬಿಟ್ಟು ನನ್ನ ಹಿಂದಕ್ಕೆ ನೋಡುತ್ತಿದ್ದರು. ಹೊರಳಿ ನೋಡಿದೆ. ಈರಣ್ಣ ತಾಳಗಳನ್ನು ಚಾಪೆಯ ಮೇಲೆ ಸಪ್ಪಳವಾಗದ ಹಾಗೆ ಇಟ್ಟು, ಎದ್ದು, ಆಟಕ್ಕೆ ಕಟ್ಟಿದ ಅಟ್ಟದ ಹಿಂಬದಿಯಿಂದ ಇಳಿದು ನಡೆದುಬಿಟ್ಟ. ಯಾರೂ ತಡೆಯಲಿಲ್ಲ. ನನಗೆ ಏನೂ ತಿಳಿಯದೆ ಉಳಿದರ್ಧ ಮಾತನ್ನು ಒಪ್ಪಿಸಿದೆ. ಮುಂದೆ ಕುರ್ಚಿಯಲ್ಲಿ ಕೂತಿದ್ದ ಅಮೀನರು ಮಾತ್ರ ಈರಣ್ಣನನ್ನು ನೋಡದೆ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ.

ಆಟ ಹೇಗೋ ಮುಗಿಯಿತು. ಬಣ್ಣ ಒರೆಸಿಕೊಳ್ಳುವಾಗ ಗೆಳೆಯರು ಸುತ್ತ ನಿಂತರು. "ಛಲೋ ಆಟ ಆಡಿದಿ ಬಿಡು" ಅಂದ ಒಬ್ಬ. ನಾನೇನು ಅಂದೆ ಎಂದು ಕೇಳಿದೆ. "ಈಗ ನಮ್ಮ ಮುಂದೂ ನಾಟಕ ಮಾಡ್ತೀಯೇನು? ಬಾವಿಮನಿ ಈರಣ್ಣ ಅಂದಿ. ಊರಿಗೂರ ಕೇಳೇತಿ."

ಯಾರನ್ನ ಎಂಬುದು ಈರಣ್ಣ ಎಂದು ಕೇಳಿಸಿರಬೇಕು, ಮೊದಲೇ ಅನುಮಾನದಲ್ಲಿದ್ದ ಕಿವಿಗಳು ಎಂದುಕೊಂಡೆ. ನೀವೂ ಹಾಗೇ ಅಂದುಕೊಂಡಿರಬಹುದು. ಆದರೆ ಬಾವಿಮನಿ? ಅದು ಎಲ್ಲಿಂದ ಬಂತು? ನನ್ನ ಮಾತಿನಲ್ಲಿ ಅದಕ್ಕೆ ಹತ್ತಿರದ ಒಂದು ಅಕ್ಷರವೂ ಇಲ್ಲ. ವೈರಿ ರಾಜನ ಪಾತ್ರದವನು ನನ್ನ ದನಿ ಅಣಕಿಸಿದನೇ? ಅವನ ತುಟಿಗಳನ್ನೇ ನಾನು ನೋಡುತ್ತಿದ್ದೆ, ಮುಚ್ಚಿದ್ದವು. ಆಟದ ಮಾತು ಕೈಯಲ್ಲಿ ಹಿಡಿದು ಪರದೆಯ ಮಗ್ಗುಲಿಗೆ ನಿಂತಿದ್ದ ಮಾಸ್ತರರಿಗೂ ಆ ಹೆಸರೇ ಕೇಳಿಸಿತ್ತು. ಎಲ್ಲಕ್ಕಿಂತ ಹೆಚ್ಚು ನನ್ನ ಅವ್ವ. ಆಟ ನೋಡಲು ಹಳ್ಳಿಯಿಂದ ಬಂದಿದ್ದಳು. ಅವಳಿಗೆ ಈರಣ್ಣ ಯಾರೆಂದೇ ಗೊತ್ತಿಲ್ಲ. "ಅಂದಿದ್ದರ ಅಂದೀನಿ ಅನ್ನಪಾ, ನಾ ಏನ ಬೈಯಂಗಿಲ್ಲ. ಬಾವಿಮನಿಯವರು ನಿನಗೇನ ಮಾಡ್ಯಾರ?" ಎಂದು ಕೇಳಿದಳು.

ಈರಣ್ಣನನ್ನು ಯಾರೂ ಏನೂ ಕೇಳಲಿಲ್ಲ, ಮಾತಾಡಿಸಲೂ ಇಲ್ಲ. ಅವನು ಸಾಲಿ ಬಿಟ್ಟು ಇಳಕಲ್ಲಿಗೆ ಹೋದ. ಆಮೇಲೆ ಅಮೀನರು ಮಾಸ್ತರರನ್ನು ಕರೆಸಲಿಲ್ಲ. ನೋಡ್ರಿ, ಅವನೇ ಅಂದರು ಮಂದಿ. ಆದರೆ ಪಡಸಾಲೆಯಲ್ಲಿ ನಾವು ಮಾತಾಡುವುದನ್ನೇ ಬಿಟ್ಟಿದ್ದೆವು. ಚಾಡಿ ಹೇಳಲು ಉಳಿದದ್ದಾದರೂ ಏನು? ಹೈದರಾಬಾದಿನ ಆ ಊಟ, ವಸತಿ ನನಗೆ ಸಿಕ್ಕಿತು. ಅದು ಹೇಗೆ ಕಾಣುತ್ತದೆಂದು ನನಗೆ ಗೊತ್ತು. ಊರಲ್ಲಿ ಕೆಲವರು ಅದನ್ನು ಕಣ್ಣಲ್ಲೇ ಅಂದರು. ಓದುವ ನಿಮಗೂ ಆ ಅನುಮಾನ ಬಂದಿದ್ದರೆ ನಾನು ಬೇಸರಪಡುವುದಿಲ್ಲ. ನಾನು ಅಂದಿಲ್ಲ. ಅಷ್ಟೇ ಹೇಳಬಲ್ಲೆ.

ಎಷ್ಟೋ ವರ್ಷಗಳ ಮೇಲೆ ಇಳಕಲ್ಲಿನ ಪೇಟೆಯಲ್ಲಿ ಈರಣ್ಣ ಸಿಕ್ಕ. ಸೀರೆ ವ್ಯಾಪಾರ ಮಾಡಿಕೊಂಡಿದ್ದ, ಮೈ ತುಂಬಿಕೊಂಡಿದ್ದ. ಮೋರೆ ತಿರುಗಿಸಿಯಾನು ಅಂದುಕೊಂಡಿದ್ದೆ. "ಬಾರೋ ಬಿ.ಎ., ಚಹಾ ಕುಡಿಯೂಣು" ಎಂದು ಕೈಹಿಡಿದು ಕರೆದೊಯ್ದ. ತಡೆಯಲಾರದೆ ಕೇಳಿದೆ, ಅಂದು ನಿನಗೇನು ಕೇಳಿಸಿತು ಎಂದು.

"ಏನ ಕೇಳಸ್ತದ? ಯಾರನ್ನ ಹೇಳಲಿ ಅಂದಿ. ನಿನ್ನ ಹಿಂದನ ಕುಂತಿದ್ನೆಲ್ಲೋ."

"ಹಂಗಾದರ ಎದ್ದು ಯಾಕ ಹೋದಿ?"

"ಅಷ್ಟೂ ಮಂದಿ ಹೊಳ್ಳಿ ನನ್ನ ನೋಡಿತು. ನೀ ಆಗಿದ್ದರ ತಾಳಾ ಹಾಕ್ಕೋತ ಕುಂದರ್ತಿದ್ದಿಯೇನು?"

ಊರೆಲ್ಲ ಕೇಳಿದ ಮಾತನ್ನು ಕೇಳದವರು ಇಬ್ಬರೇ, ಆಡಿದವನೆಂಬ ನಾನು, ಆಡಿಸಿಕೊಂಡ ಅವನು. ಅವನು ಹೇಳಿದ್ದು ಖರೆಯೋ, ನನ್ನ ಮನಸ್ಸು ಹಗುರಾಗಲೆಂದು ಅಂದದ್ದೋ, ಇಲ್ಲ ನನ್ನ ಬಾಯಿಂದ ತಪ್ಪೊಪ್ಪಿಗೆ ತೆಗೆಯಲು ಅಂದದ್ದೋ, ಓದಿದ ತರ್ಕಶಾಸ್ತ್ರವೆಲ್ಲ ಸೇರಿಸಿದರೂ ನನಗೆ ಬಗೆಹರಿದಿಲ್ಲ. ಚಾಡಿ ಹೇಳಿದವನು ನೀನೇ ಏನು ಎಂಬ ಒಂದು ಪ್ರಶ್ನೆ ಉಳಿದಿತ್ತು. ಕೇಳಲೆಂದು ಬಾಯಿ ತೆರೆದೆ. ನಾನು ಆಡುವ ಮಾತು ಅವನ ಕಿವಿಗೆ ಯಾವ ಮಾತಾಗಿ ಮುಟ್ಟೀತೋ ಎಂದು ಒಮ್ಮೆಲೇ ಹೆದರಿಕೆಯಾಗಿ, ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ.