ಕಲ್ಲುಸೇತುವೆಯ ಈಚೆ ದಂಡೆ

ಆನೆಗೊಂದಿಯ ಹಳೆಯ ಮನೆಗಳನ್ನೂ ಮುರಿದ ಕಲ್ಲುಸೇತುವೆಯನ್ನೂ ನೋಡಲು ಬಂದವರು ಬಾಯ್ತುಂಬ ಹೊಗಳುತ್ತಾರೆ. ಹೊಗಳಲಿ. ಹೊಳೆಯಲ್ಲಿ ನಿಂತ ಆ ಕಂಬಗಳನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನಾಗ ಆಗತಾನೇ ಸೀರೆ ಉಡಲು ಕಲಿತ ಹುಡುಗಿ. ಅಣ್ಣನ ಹೆಂಡತಿಯ ತವರು ಆಚೆ ದಂಡೆ, ಮದ್ರಾಸ್ ಸೀಮೆ, ನಮ್ಮದು ನಿಜಾಮರದು. ಅತ್ತಿಗೆಗೆ ಅದು ಚೊಚ್ಚಲ ಬಸಿರು. ಮೊದಲ ಹೆರಿಗೆ ತವರಿನಲ್ಲಾಗಬೇಕು, ಆದರೆ ಬಸುರಿ ಹೊಳೆ ದಾಟಬಾರದು. ಬೇರೆ ಕಾಲವಾಗಿದ್ದರೆ ತಾಯಿಯೇ ಹರಿಗೋಲಿನಲ್ಲಿ ಬಂದು ಬಾಣಂತನ ಮಾಡುತ್ತಿದ್ದಳು. ಆ ವರ್ಷ ನಮ್ಮ ಸೀಮೆಯಲ್ಲಿ ಗಲಾಟೆ ಎದ್ದು ಹೊಳೆಗೆ ಕಾವಲು ಬಿತ್ತು, ಹರಿಗೋಲು ನಿಂತವು.

ಅದಕ್ಕೇ ಅತ್ತಿಗೆ, ಹರಿಗೋಲು ನಿಲ್ಲುವ ಮೊದಲೇ ತಾಯಿಗೆ ಹೇಳಿಕಳಿಸಿದ್ದಂತೆ, ಸೋಮವಾರ ಬಂತೆಂದರೆ ನನ್ನನ್ನು ಕರೆದುಕೊಂಡು ಹಳೆಯ ವಾಡೆಗಳ ಓಣಿ ಹಿಡಿದು ಸೇತುವೆಗೆ ಹೊರಡುತ್ತಿದ್ದಳು. ಕೆತ್ತನೆಯ ಬಾಗಿಲು ನೋಡುವ ನೆಪದಲ್ಲಿ ಒಂದೊಂದು ಮನೆಯ ಮುಂದೆ ನಿಂತು ದಣಿವಾರಿಸಿಕೊಳ್ಳುತ್ತಿದ್ದಳು. ಆಚೆ ತುದಿಯಲ್ಲಿ ಬೆರಳಷ್ಟು ಕಾಣುವ ತಾಯಿ ಕೈ ಬೀಸಿದರೆ ಇವಳು ಕೆಂಪು ಸೀರೆಯ ಸೆರಗು ಬೀಸುತ್ತಿದ್ದಳು. ಕೂಗಿದರೆ ನೀರಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ.

ಏಳು ತಿಂಗಳು ತುಂಬಿದಾಗ ಪರಿಚಯದ ಅಂಬಿಗನೊಬ್ಬ ಗುಟ್ಟಾಗಿ ದಾಟಿಸುತ್ತೇನೆಂದ. ಅವ್ವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಸೇತುವಿ ನೆಟ್ಟಗ ಇದ್ದಿದ್ರ ನಾನಽ ಕೈ ಹಿಡಿದು ದಾಟಸ್ತಿದ್ನಿ. ನೀರಿನ ಮ್ಯಾಲ ಬ್ಯಾಡ.”

“ಕಲ್ಲಿನ ಮ್ಯಾಲ ಹೋದ್ರೂ ಕೆಳಗ ಹರಿಯೋದು ಅದಽ ಹೊಳಿ ಅಲ್ರೀ, ಅತ್ತ್ಯಾರ?” ಅತ್ತಿಗೆ ಕೇಳಿದಳು.

ಅಣ್ಣ ಅವ್ವನ ಮಾತು ಮೀರಲಿಲ್ಲ. ಅಂಬಿಗ ಎದ್ದು ಹೋದ. ಅವ್ವನಿಗೆ ಸೊಸೆಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಬಹಳ ಇತ್ತು, ಅದಕ್ಕೇ ಹೆದರಿದ್ದಳು. ಆ ಹೆದರಿಕೆಯನ್ನು ನಾನಿನ್ನೂ ಕ್ಷಮಿಸಿಲ್ಲ.

ಹೆರಿಗೆ ಕಷ್ಟವಾಯಿತು. ಸೂಲಗಿತ್ತಿ ಮಗುವನ್ನು ಉಳಿಸಿದಳು. ಅತ್ತಿಗೆ ಉಳಿಯಲಿಲ್ಲ. ಅಷ್ಟರಲ್ಲಿ ಕಾವಲು ಬಿಗಿಯಾಗಿ ಆ ಅಂಬಿಗನೂ ದಾಟುವುದನ್ನು ಬಿಟ್ಟಿದ್ದ, ಆಚೆಗೆ ಸುದ್ದಿ ಮುಟ್ಟಿಸುವವರು ಯಾರೂ ಇರಲಿಲ್ಲ.

ನಮ್ಮಲ್ಲಿ ಬಾಣಂತಿ ಮೊದಲ ಸಲ ಹೊರಬಿದ್ದಾಗ ಕೂಸಿನೊಂದಿಗೆ ಹೊಳೆಗೆ ಹೋಗಿ ಗಂಗೆ ಪೂಜೆ ಮಾಡಬೇಕು. ಆಚೆಯ ತಾಯಿ ಆ ದಿನಕ್ಕೆ ಕಾದೇ ಕಾಯುತ್ತಾಳೆಂದು ಅವ್ವನಿಗೆ ಗೊತ್ತಿತ್ತು. ಸೋಮವಾರವೇ ನೋಡಿ, ಪೆಟ್ಟಿಗೆಯಿಂದ ಅತ್ತಿಗೆಯ ಕೆಂಪು ಸೀರೆ ತೆಗೆದು ನನಗೆ ಉಡಿಸಿ, ಕೂಸನ್ನು ಕೈಗಿಟ್ಟಳು.

“ಸೆರಗು ಬೀಸು. ಇಷ್ಟು ಗಲಾಟಿ ಮುಗಿಯೂತನಕ ಆಕಿ ಸಮಾಧಾನದಿಂದ ಇರಲಿ. ಅಳಬ್ಯಾಡ.”

ಅತ್ತಿಗೆ ನಿಲ್ಲುತ್ತಿದ್ದ ಕಂಬದ ಹತ್ತಿರವೇ ನಿಂತು ಸೆರಗು ಬೀಸಿದೆ. ಆಚೆ ಆ ಬೆರಳಷ್ಟು ಹೆಂಗಸು ಎರಡೂ ಕೈ ಎತ್ತಿದಳು. ಕೂಸನ್ನು ಮೇಲೆತ್ತಿ ತೋರಿಸಿದೆ. ಅವಳು ದಂಡೆಯಲ್ಲೇ ಮಂಡಿಯೂರಿ ಹೊಳೆಗೆ ಕೈ ಮುಗಿದಳು.